ಕರೆ ಬಾರದ ಭಾನುವಾರ

ಅಂಧೇರಿ ಪೂರ್ವ, ಮುಂಬಯಿ
ಗುರುವಾರ, ಬೆಳಗಿನ ಜಾವ

ಚಿರಂಜೀವಿ ಮಗಳೇ, ನಿನ್ನ ಅಮ್ಮನ ಆಶೀರ್ವಾದಗಳು.

ಕಳೆದ ಭಾನುವಾರ ರಾತ್ರಿ ಡೊಂಬಿವಲಿಯಿಂದ ಅಪ್ಪನ ಜೊತೆ ಮನೆಗೆ ಬಂದವಳು, ನೃತ್ಯರೂಪಕಕ್ಕೆ ಹಚ್ಚಿದ್ದ ಮುಖದ ಬಣ್ಣವನ್ನು ತೊಳೆಯುವ ಮೊದಲೇ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದೆ. "ಕೊನೆಗೂ ಫೋನ್ ಬರಲೇ ಇಲ್ಲವಲ್ಲ ಅಮ್ಮ, ನೀನು ಬರಬಹುದಿತ್ತಲ್ಲ." ಆಗ ನಾನು ಉತ್ತರ ಕೊಡಲಿಲ್ಲ. ನಿನ್ನ ಪ್ರಶ್ನೆ ನ್ಯಾಯವಾದದ್ದು. ಬಾಯಲ್ಲಿ ಹೇಳಹೊರಟರೆ ಅರ್ಧಕ್ಕೇ ಗಂಟಲು ಕಟ್ಟುತ್ತದೆ ಎಂದು ಬರೆಯಲು ಕುಳಿತಿದ್ದೇನೆ. ಇಂದು ಬೆಳಗಿನ 3 ಗಂಟೆಯಿಂದ ಪೈಲಟ್ ಆದ ನನಗೆ ಮತ್ತೆ ಸ್ಟ್ಯಾಂಡ್‌ಬೈ, ಅಂದರೆ ಕರೆ ಬಂದರೆ ವಿಮಾನ ಹಾರಿಸಲು ಹೊರಡಬೇಕಾದ ಕಾಯುವ ಸರದಿ. ನೀನು ಮಲಗಿದ್ದೀಯೆ. ಘಾಟ್‌ಕೋಪರಿನ ಮೇಲಿಂದ ಬಂದು 27ನೇ ರನ್‌ವೇಗೆ ಇಳಿಯುವ ವಿಮಾನಗಳ ಸದ್ದು ಒಂದರ ಹಿಂದೊಂದು ಕೇಳುತ್ತಿದೆ. ಫೋನು ಎಂದಿನಂತೆ ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲಿದೆ. ಸದ್ದು ಕಡಿಮೆಯಾಗಿದ್ದರೂ ಅದು ಅದುರಿದರೆ ತಟ್ಟೆ ಎಬ್ಬಿಸುತ್ತದೆ.

ತಿಂಗಳ ಕೆಲಸದ ಪಟ್ಟಿಯಾದ ರೋಸ್ಟರಿನಲ್ಲಿ ಕೆಲವು ದಿನಗಳ ಎದುರು ಊರಿನ ಹೆಸರೂ ಇರುವುದಿಲ್ಲ, ವಿಮಾನದ ಸಂಖ್ಯೆಯೂ ಇರುವುದಿಲ್ಲ. ಸ್ಟ್ಯಾಂಡ್‌ಬೈ ಎಂಬ ಪದ, ಆರಂಭದ ಸಮಯ, ಮುಗಿಯುವ ಸಮಯ, ಇಷ್ಟೇ. ಆ ಅವಧಿಯಲ್ಲಿ ಯಾವ ಕ್ಷಣಕ್ಕೆ ಕರೆ ಬಂದರೂ ಎತ್ತಬೇಕು; ನಮ್ಮ ಕಂಪನಿಯಲ್ಲಿ ಕರೆ ಬಂದ 90 ನಿಮಿಷದೊಳಗೆ ಸಮವಸ್ತ್ರದಲ್ಲಿ ವಿಮಾನ ನಿಲ್ದಾಣದಲ್ಲಿರಬೇಕು. ಭಾನುವಾರ ನನ್ನ ಅವಧಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಇತ್ತು. ಅಂದು ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಲೋಕಲ್ ರೈಲುಗಳು ಕಡಿತ. ಡೊಂಬಿವಲಿಯಿಂದ ರೈಲಿನಲ್ಲಿ ದಾದರಿಗೆ ಬಂದು, ಅಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿ ಅಂಧೇರಿಗೆ ಬಂದು, ಬಟ್ಟೆ ಬದಲಾಯಿಸಿ ನಿಲ್ದಾಣ ತಲುಪಲು 90 ನಿಮಿಷ ಸಾಲದು. ರಸ್ತೆಯ ಮಾತಂತೂ ನಿನಗೇ ಗೊತ್ತು. ಕರೆ ಬರುವುದಿಲ್ಲ ಎಂಬುದು ರಾತ್ರಿ 9 ಗಂಟೆಗೆ ಖಚಿತವಾಗುವ ಸಂಗತಿ. ಸಂಜೆ 5 ಗಂಟೆಗೆ, ನಿನ್ನ ನೃತ್ಯರೂಪಕವಿದ್ದ ಸಂಘದ ವಾರ್ಷಿಕೋತ್ಸವದ ಪರದೆ ಏಳುವಾಗ, ಅದು ನನಗೆ ತಿಳಿಯುವ ಬಗೆ ಇರಲಿಲ್ಲ.

ನಿನ್ನ ಅಜ್ಜ ಹುಬ್ಬಳ್ಳಿಯಲ್ಲಿ ಎಂಜಿನ್ ಡ್ರೈವರ್ ಆಗಿದ್ದರು. ಅವರಿಗೆ ಕರೆ ಬರುತ್ತಿದ್ದದ್ದು ಫೋನಿನಲ್ಲಿ ಅಲ್ಲ. ಶೆಡ್ಡಿನಿಂದ ಕಾಲ್ ಬಾಯ್ ಎಂಬಾತ ಸೈಕಲ್ ಏರಿ, ಕಂಕುಳಲ್ಲಿ ಕಾಲ್ ಬುಕ್ ಇಟ್ಟುಕೊಂಡು ಮನೆ ಬಾಗಿಲಿಗೆ ಬರುತ್ತಿದ್ದ. ಅರ್ಧರಾತ್ರಿಯಲ್ಲಿ ಚಿಲಕದ ಸದ್ದಾದರೆ ಮೊದಲು ಏಳುತ್ತಿದ್ದವಳು ನಾನು. ಅಜ್ಜ ಕಣ್ಣು ಒರೆಸಿಕೊಳ್ಳುತ್ತ ಬಂದು, ಅವನ ಟಾರ್ಚಿನ ಬೆಳಕಿನಲ್ಲಿ ಗಾಡಿಯ ಸಂಖ್ಯೆ ಮತ್ತು ಸಮಯ ನೋಡಿ ರುಜು ಹಾಕುತ್ತಿದ್ದರು. ರುಜು ಬಿದ್ದ ಮೇಲೆ ಮನೆಯಲ್ಲಿ ಏನೇ ಇರಲಿ, ಹಬ್ಬವಿರಲಿ, ಯಾರ ಕೈಯಲ್ಲಿ ತುತ್ತಿರಲಿ, ಆ ಗಾಡಿ ಅವರದು. ಕಾಲ್ ಬಾಯ್ ಬರಬಹುದಾದ ದಿನಗಳಲ್ಲಿ ಅವರು ಓಣಿ ದಾಟಿ ಹೋಗುತ್ತಿರಲಿಲ್ಲ. ಎದುರು ಮನೆಯ ಮದುವೆಯ ಪಂಕ್ತಿಗೆ ಕೂಡ ಕೊನೆಯ ಎಲೆಗೆ ಕೂರುತ್ತಿದ್ದರು, ಎದ್ದು ಹೋಗಬೇಕಾದರೆ ಬಾಗಿಲಿಗೆ ಹತ್ತಿರ ಎಂದು. ನನಗೆ ಆಗ ಅದು ಸಿಟ್ಟು ಬರಿಸುತ್ತಿತ್ತು; ಇಂದು ನಿನ್ನ ಸಿಟ್ಟು ಅರ್ಥವಾಗುವುದು ಅದರಿಂದಲೇ.

ನಮ್ಮ ಮನೆಯ ಕಾಲ್ ಬಾಯ್ ನೀನೇ ಆಗಿದ್ದೆ, ನೆನಪಿದೆಯೇ? ಆರು ವರ್ಷದವಳಿದ್ದಾಗ, ನಾನು ಸ್ನಾನಕ್ಕೆ ಹೋದರೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಚ್ಚಲ ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಒಮ್ಮೆ ಬ್ಯಾಂಕಿನವರ ಕರೆ ಬಂದಾಗ ನೀನು "ಅಮ್ಮ, ವಿಮಾನ ಬಂತು" ಎಂದು ಕೂಗಿದ್ದಕ್ಕೆ, ನಾನು ತಲೆಗೆ ಹಚ್ಚಿದ ಸೀಗೆಪುಡಿಯೊಂದಿಗೇ ಹೊರಗೆ ಬಂದಿದ್ದೆ. ಗಣಪತಿ ವಿಸರ್ಜನೆಯ ಢೋಲು ತಾಷೆ ಕೆಳಗೆ ಬಾರಿಸುತ್ತಿರುವಾಗ ನಾನು ಸಂಜೆ 7 ಗಂಟೆಗೆ ಮಲಗಬೇಕಾಗಿ ಬಂದರೆ, ಕಿಟಕಿಯ ಸಂದಿಗೆ ಹಳೆಯ ಚಾದರ ತುರುಕುತ್ತಿದ್ದವಳೂ ನೀನೇ. ನನ್ನ ಚೀಲ ನಿನಗೆ ಬಾಯಿಪಾಠ: ಲೈಸೆನ್ಸು, ವೈದ್ಯಕೀಯ ಪ್ರಮಾಣಪತ್ರ, ಬದಲಿ ಕನ್ನಡಕ, ಟಾರ್ಚು, ಇಸ್ತ್ರಿ ಮಾಡಿದ ಎರಡು ಬಿಳಿ ಶರ್ಟು, ಅದರ ಕೆಳಗೆ ಅಜ್ಜಿ ಹೆಣೆದ ಸ್ವೆಟರು. ಮುಂಬಯಿಯ ಸೆಕೆಯಲ್ಲಿ ಸ್ವೆಟರ್ ಏಕೆ ಎಂದು ನೀನು ಮತ್ತೆ ಮತ್ತೆ ಕೇಳುತ್ತಿದ್ದೆ. ಕರೆ ಬಂದಾಗ ರಾತ್ರಿ ತಂಗುವುದು ಕೊಚ್ಚಿಯಲ್ಲೋ ಶ್ರೀನಗರದಲ್ಲೋ ಎಂದು ಚೀಲ ತುಂಬುವವಳಿಗೆ ಗೊತ್ತಿರುವುದಿಲ್ಲ ಮಗಳೇ. ಅಜ್ಜಿ ಕೊಡುವ ಹೋಮಿಯೋಪಥಿ ಹನಿಗಳನ್ನು ನಾನು ಬೇಡ ಎನ್ನುವುದಕ್ಕೂ ಇದೇ ಕಾರಣ. ಅವುಗಳಲ್ಲಿ ಮದ್ಯಸಾರವಿರುತ್ತದೆ, ಹಾರುವ ಮೊದಲು ಉಸಿರು ಪರೀಕ್ಷೆಯ ಯಂತ್ರಕ್ಕೆ ಊದಬೇಕು, ಅದು ಸೊನ್ನೆ ತೋರಿಸಲೇಬೇಕು. ಮದ್ಯಸಾರವಿರುವ ಮೌತ್‌ವಾಶ್ ಕೂಡ ನಮಗೆ ನಿಷಿದ್ಧ.

ಇನ್ನು ಕರೆ ಬಂದ ಒಂದು ದಿನದ ಕಥೆ ಹೇಳುತ್ತೇನೆ. ನೀನು ಆಗ ಅಜ್ಜಿಯ ಊರಿನಲ್ಲಿದ್ದೆ. ಎರಡು ವರ್ಷದ ಹಿಂದಿನ ಜುಲೈ. ಇಡೀ ರಾತ್ರಿ ಮಳೆ ಸುರಿದು, ದೆಹಲಿಯಿಂದ ಬರಬೇಕಿದ್ದ ವಿಮಾನ ಮುಂಬಯಿಯಲ್ಲಿ ಇಳಿಯಲಾರದೆ ಅಹಮದಾಬಾದಿಗೆ ಹೋಗಿ, ಅಲ್ಲಿ ಗಂಟೆಗಟ್ಟಲೆ ಕಾದು ಮರಳಿತು. ಅದೇ ವಿಮಾನ, ಅದೇ ಪೈಲಟ್‌ಗಳು ಮುಂದೆ ಮಂಗಳೂರಿಗೆ ಹೋಗಬೇಕಿತ್ತು. ಆದರೆ ಅವರ ಕರ್ತವ್ಯದ ಅವಧಿ ಮುಗಿದಿತ್ತು. "ಇನ್ನೊಂದೇ ಗಂಟೆ, ಹೋಗಿಬಿಡಿ" ಎನ್ನುವ ಹಾಗಿಲ್ಲ. ಮಂಗಳೂರಿನ ಬಜಪೆಗೆ ಯಾರನ್ನು ಬೇಕಾದರೂ ಕಳುಹಿಸುವಂತೆಯೂ ಇಲ್ಲ. ಅದು ಗುಡ್ಡದ ತಲೆಯನ್ನು ಸಪಾಟು ಮಾಡಿ ಕಟ್ಟಿದ ನಿಲ್ದಾಣ, ರನ್‌ವೇ 2,450 ಮೀಟರ್, ತುದಿಯಾಚೆ ಕಣಿವೆ. ಅಲ್ಲಿಗೆ ಪ್ರತ್ಯೇಕ ತರಬೇತಿ ಪಡೆದ ಕ್ಯಾಪ್ಟನ್ನೇ ಬೇಕು. 5 ಗಂಟೆ 20 ನಿಮಿಷಕ್ಕೆ ತಟ್ಟೆ ಅದುರಿತು.

ಬಾಗಿಲು ಮುಚ್ಚುವ ಮೊದಲು ನಾನು ಕಾಕ್‌ಪಿಟ್‌ನಿಂದ ಹೊರಗೆ ಬಂದು ನಿಂತೆ. ಮೂರನೆಯ ಸಾಲಿನಲ್ಲಿ ಒಬ್ಬ ಹಿರಿಯ ಹೆಂಗಸು, ಮಡಿಲಲ್ಲಿ ಸೇವಂತಿಗೆಯ ದಂಡೆ ತುಂಬಿದ ಪೊಟ್ಟಣ. ಮೊಮ್ಮಗಳ ನಿಶ್ಚಿತಾರ್ಥಕ್ಕೆ ಹೊರಟವರು ರಾತ್ರಿ 11ರಿಂದ ನಿಲ್ದಾಣದಲ್ಲೇ ಕುಳಿತಿದ್ದರಂತೆ. ಹೂವಿನ ಅಂಚು ಕಂದಿತ್ತು; ಅವರು ಬಾಟಲಿಯ ನೀರನ್ನು ಬೆರಳಿಗೆ ತಾಗಿಸಿ ಒಂದೊಂದೇ ಹೂವಿನ ಮೇಲೆ ಚಿಮುಕಿಸುತ್ತಿದ್ದರು. ನಾನು ಕನ್ನಡದಲ್ಲಿ ಮಾತಾಡಿಸಿದಾಗ ತಲೆಯೆತ್ತಿ, "ನೀವೇ ಓಡಿಸುವುದಾ? ನಿದ್ದೆ ಆಗಿದೆಯಾ ಮಗಾ?" ಎಂದು ಕೇಳಿದರು. ಯಾವಾಗ ಹೊರಡುತ್ತೀರಿ, ಏಕೆ ತಡ ಮಾಡಿದಿರಿ ಎಂದು ಕೇಳಲಿಲ್ಲ. ಹಿಂದಿನ ಸಂಜೆ 7ಕ್ಕೆ ಮಲಗಿದ್ದೆ ಎಂದು ನಾನು ಹೇಳಿದೆ, ಅದು ನಿಜವೂ ಆಗಿತ್ತು. ಯಾರನ್ನೂ ನೋಡಲು ಹೋಗದೆ, ಯಾವ ಊಟಕ್ಕೂ ಒಪ್ಪಿಕೊಳ್ಳದೆ ಮಲಗಿದ್ದ ಆ ಸಂಜೆಯ ನಿದ್ದೆ ಅವರಿಗಾಗಿ ಎತ್ತಿಟ್ಟದ್ದೆಂದು ನನಗೆ ಅನ್ನಿಸಿತು.

ಅವರು ಕೇಳಿದ್ದು ದೊಡ್ಡ ಪ್ರಶ್ನೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಅದೇ ಬಜಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು, ಒಳಗಿದ್ದ 166 ಜನರಲ್ಲಿ 158 ಜನ ತೀರಿಹೋದರು. ಕ್ಯಾಪ್ಟನ್ ಹಾರಾಟದ ನಡುವೆ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ರಿಸಿದ್ದರು, ಎಚ್ಚರವಾದ ಮೇಲೂ ನಿದ್ದೆಯ ಮಂಪರು ನಿರ್ಧಾರವನ್ನು ಕೆಡಿಸಿರಬಹುದು ಎಂದು ತನಿಖಾ ವರದಿ ಹೇಳಿತು. ತೀರಿಹೋದವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಬೆಳಗಿನ 2ರಿಂದ 6ರವರೆಗೆ ಮನುಷ್ಯನ ದೇಹ ಅತಿ ಕುಗ್ಗಿರುತ್ತದೆ, ಆ ಹೊತ್ತಿನಲ್ಲಿ ಅನುಭವವೂ ಕೈಕೊಡಬಹುದು. ಪೈಲಟ್‌ಗಳ ಕರ್ತವ್ಯ, ವಿಶ್ರಾಂತಿಯ ಈಗಿನ ಹೊಸ ನಿಯಮಗಳು ಹುಟ್ಟಿದ್ದು ಇಂಥ ತಿಳಿವಳಿಕೆಯಿಂದಲೇ: ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿದೆ, ರಾತ್ರಿ ಎಂದರೆ 12ರಿಂದ ಬೆಳಿಗ್ಗೆ 6ರವರೆಗೆ ಎಂದಾಗಿದೆ, ರಾತ್ರಿಯನ್ನು ತಾಗುವ ಕರ್ತವ್ಯದಲ್ಲಿ ಮೊದಲು 6 ಬಾರಿ ಇಳಿಯಬಹುದಾಗಿದ್ದಲ್ಲಿ ಈಗ ಎರಡೇ ಬಾರಿ.

2025ರ ಡಿಸೆಂಬರಿನಲ್ಲಿ ಸಾವಿರಾರು ವಿಮಾನಗಳು ರದ್ದಾದಾಗ ಟಿವಿಯಲ್ಲಿ ಸೂಟ್‌ಕೇಸುಗಳ ಗುಡ್ಡ ನೋಡಿ, ಇಷ್ಟು ಜನ ಪೈಲಟ್‌ಗಳು ಎಲ್ಲಿ ಹೋದರು ಎಂದು ನೀನು ಕೇಳಿದ್ದೆ. ಎಲ್ಲಿಗೂ ಹೋಗಿರಲಿಲ್ಲ. ನಿಯಮ ಬಿಗಿಯಾದಾಗ ಬೇಕಾಗುವಷ್ಟು ಜನರನ್ನು ಮೊದಲೇ ಸಿದ್ಧ ಮಾಡಿಕೊಂಡಿರಲಿಲ್ಲ. ಹಾರದೆ ಕುಳಿತ ಪೈಲಟ್ ಲೆಕ್ಕದ ಪುಸ್ತಕದಲ್ಲಿ ದಂಡದ ಖರ್ಚಿನ ಹಾಗೆ ಕಾಣುತ್ತಾನೆ. ನಾನು ಹಾಗೆ ಒಪ್ಪುವುದಿಲ್ಲ. ಕರೆ ಬಾರದ ಭಾನುವಾರದಲ್ಲಿಯೂ ಯಾರೋ ಒಬ್ಬ ಪೈಲಟ್ ಜ್ವರ ಬಂದಾಗ ಜ್ವರವೆಂದು ಧೈರ್ಯವಾಗಿ ಹೇಳಿ ಮಲಗಬಹುದು, ಏಕೆಂದರೆ ತನ್ನ ಬದಲಿಗೆ ಇನ್ನೊಬ್ಬಳು ನಿದ್ದೆ ಮಾಡಿ ಎದ್ದು ಕುಳಿತಿದ್ದಾಳೆ ಎಂದು ಅವನಿಗೆ ಗೊತ್ತಿರುತ್ತದೆ. ಅಂದು ನಾನು ಮನೆಯಲ್ಲಿ ಮಾಡಿದ ಕೆಲಸ ಅದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ, ಅದನ್ನು ಮುಚ್ಚಿಡಲಾರೆ. ನಿನ್ನ ಕಾರ್ಯಕ್ರಮದ ದಿನಾಂಕ ನನಗೆ ಎರಡು ತಿಂಗಳ ಮೊದಲೇ ಗೊತ್ತಿತ್ತು. ರೋಸ್ಟರ್ ಸಿದ್ಧವಾಗುವ ಮುನ್ನ ರಜೆ ಕೇಳಿದ್ದರೆ ಬಹುಶಃ ಸಿಗುತ್ತಿತ್ತು. ಕೇಳುವ ಕೊನೆಯ ದಿನ ನಾನು ಗುವಾಹಟಿಯ ಹೋಟೆಲಿನಲ್ಲಿದ್ದೆ, ನಾಳೆ ಕೇಳೋಣ ಎಂದು ಮಲಗಿದೆ, ಮರೆತೆ. ಆ ಭಾನುವಾರ ನಾನು ಬಾರದೆ ಇದ್ದದ್ದಕ್ಕೆ ಸ್ಟ್ಯಾಂಡ್‌ಬೈಯನ್ನು ಪೂರ್ತಿ ಹೊಣೆ ಮಾಡಿದರೆ ನಾನು ನಿನಗೆ ಸುಳ್ಳು ಹೇಳಿದಂತಾಗುತ್ತದೆ. ನೀನು ಕೇಳಬೇಕಾದ ಪ್ರಶ್ನೆ "ರಜೆ ಏಕೆ ಕೇಳಲಿಲ್ಲ ಅಮ್ಮ" ಎಂಬುದು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ತಪ್ಪಾಯಿತು ಎಂದಷ್ಟೇ ಹೇಳಬಲ್ಲೆ.

ನಾಳೆ ಸಂಜೆಯಿಂದ ನನಗೆ ವಾರದ ವಿಶ್ರಾಂತಿ; 48 ಗಂಟೆ ಯಾರೂ ಕರೆಯುವಂತಿಲ್ಲ. ಅಪ್ಪ ಮಾಡಿದ ವಿಡಿಯೊವನ್ನು ನಾನಿನ್ನೂ ತೆರೆದಿಲ್ಲ. ಪುಟ್ಟ ತೆರೆಯಲ್ಲಿ ಒಬ್ಬಳೇ, ಒಂದು ಕಿವಿ ಕರೆಯ ಕಡೆಗೆ ಇಟ್ಟುಕೊಂಡು ನೋಡಲು ಮನಸ್ಸಾಗಲಿಲ್ಲ. ನಿನಗೆ ಒಪ್ಪಿಗೆಯಿದ್ದರೆ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಟಿವಿಗೆ ಹಾಕಿ, ನಿನ್ನ ಪಕ್ಕದಲ್ಲಿ ಕುಳಿತು ನೋಡುತ್ತೇನೆ. ಎಲ್ಲಿ ತಾಳ ತಪ್ಪಿತೆಂದು ಅಪ್ಪನ ಬಳಿ ಹೇಳಿದೆಯಂತೆ, ಆ ಜಾಗ ನೀನೇ ತೋರಿಸು. ಮುಂದಿನ ಕಾರ್ಯಕ್ರಮದ ದಿನಾಂಕವನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ನಿನ್ನ ಕೈಯಿಂದಲೇ ಬರೆದಿಡು, ರಜೆಯ ಅರ್ಜಿಯನ್ನು ಅಂದೇ ಹಾಕುತ್ತೇನೆ.

ಡಬ್ಬಿಯಲ್ಲಿ ಚಪಾತಿ, ಬದನೆಕಾಯಿ ಎಣ್ಣೆಗಾಯಿ ಇಟ್ಟಿದ್ದೇನೆ. ನೀನು ಏಳುವಾಗ ನಾನು ಮನೆಯಲ್ಲಿಲ್ಲದಿದ್ದರೆ ಈ ಕಾಗದ ತಟ್ಟೆಯ ಕೆಳಗಿರುತ್ತದೆ.

ಇಂತು ನಿನ್ನ ಪ್ರೀತಿಯ
ಅಮ್ಮ