ಅಭಿನಂದನ ಗ್ರಂಥಕ್ಕೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನಿಮ್ಮೂರ ಮೇಷ್ಟ್ರ ಅಭಿನಂದನ ಗ್ರಂಥಕ್ಕೆಂದು ನೀನು ಬರೆದ ಲೇಖನವನ್ನು ನಿಧಾನವಾಗಿ ಓದಿದೆ. ಮೊದಲ ಪುಟದಲ್ಲೇ ಅವರು ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಬಹುಮುಖ ಪ್ರತಿಭೆ, ಅಜಾತಶತ್ರು. ಈ ಮಾತುಗಳನ್ನು ಎತ್ತಿ ಬೇರೆ ಯಾರ ಬಿನ್ನವತ್ತಳೆಗೆ ಸೇರಿಸಿದರೂ ಹೊಂದಿಕೊಳ್ಳುತ್ತವೆ. ನನ್ನ ತಕರಾರು ಅದೇ.

ಮೂರನೇ ಪುಟದ ಕೊನೆಗೆ ಒಂದು ಸಾಲಿದೆ. ರಾಗಿ ಕೊಯ್ಲಿನ ಕಾಲದಲ್ಲಿ ಮೇಷ್ಟ್ರು ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಶಾಲೆ ಬಿಟ್ಟ ಹುಡುಗಿಯರ ಮನೆಗೆ ಹೋಗುತ್ತಿದ್ದರು, ಜಗಲಿಯ ಮೇಲೆ ಕೂತು ಅಪ್ಪಂದಿರ ಜೊತೆ ವಾದಕ್ಕಿಳಿಯುತ್ತಿದ್ದರು ಎಂದು. ನಿನ್ನ ಲೇಖನ ಇರುವುದು ಅಲ್ಲಿ, ತಂಗಿ. ಹಾಗೆ ಮನೆಮನೆಗೆ ಹೋಗಿ ಹಟ ಹಿಡಿದ ಮನುಷ್ಯ ಅಜಾತಶತ್ರುವಾಗಿರಲು ಸಾಧ್ಯವೇ? ಊರಿನ ನಿಷ್ಠುರ ಕಟ್ಟಿಕೊಂಡೇ ಆ ಕೆಲಸ ಮಾಡಿರುತ್ತಾರೆ. ಆ ಹುಡುಗಿಯರಲ್ಲಿ ಒಬ್ಬಳನ್ನಾದರೂ ಹುಡುಕಿ ಮಾತಾಡಿಸು. ಅಪ್ಪ ಅಂದು ಏನೆಂದಿದ್ದ, ಅವಳು ಆಮೇಲೆ ಎಲ್ಲಿಯವರೆಗೆ ಓದಿದಳು, ಕೇಳು. ಎಷ್ಟು ಹೇಳಿದರೂ ಶಾಲೆಗೆ ಮರಳದವರೂ ಇದ್ದಾರು. ಅವರ ವಿಷಯವನ್ನು ಮೇಷ್ಟ್ರ ಬಾಯಿಂದಲೇ ಕೇಳಿ ಬರಿ.

ದೊಡ್ಡವರ ವಿಷಯದಲ್ಲೂ ನಾವು ಹೀಗೇ ಮಾಡುತ್ತೇವೆ. ಸೆಪ್ಟೆಂಬರ್ 15 ಬಂತೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಮೇಲೆ ಬರುವ ಲೇಖನಗಳನ್ನು ನೋಡು. ಸದ್ದು ಕೇಳಿಯೇ ರೈಲು ಹಳಿ ಮುರಿದದ್ದನ್ನು ಪತ್ತೆಹಚ್ಚಿದ ಕಥೆ ಬರುತ್ತದೆ. ಯಾವ ರೈಲು, ಯಾವ ಇಸವಿ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಕನ್ನಂಬಾಡಿ ಕಟ್ಟೆಯನ್ನಂತೂ ಅವರೊಬ್ಬರೇ ಕಟ್ಟಿದರೆಂಬಂತೆ ಬರೆಯುತ್ತಾರೆ. 1911ರಲ್ಲಿ ಕೆಲಸ ಶುರುವಾದಾಗ ಅವರು ಮೈಸೂರಿನ ಚೀಫ್ ಎಂಜಿನಿಯರ್, ಮರುವರ್ಷ ದಿವಾನರು. 1918ರಲ್ಲಿ ಹುದ್ದೆ ಬಿಟ್ಟಾಗ ಕಟ್ಟೆ ಮುಗಿದಿರಲಿಲ್ಲ. ಮದರಾಸಿನ ಜೊತೆ ಕಾವೇರಿ ಒಪ್ಪಂದವಾದದ್ದೇ 1924ರಲ್ಲಿ. ಕಟ್ಟೆ ಪೂರ್ತಿಯಾಗುವ ಹೊತ್ತಿಗೆ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಅಷ್ಟೂ ವರ್ಷ ಯೋಜನೆಯ ಬೆನ್ನಿಗೆ ನಿಂತವರು ನಾಲ್ವಡಿ ಕೃಷ್ಣರಾಜ ಒಡೆಯರು. ಹಳೆಯ ಕನ್ನಂಬಾಡಿ ಊರೇ ನೀರಿನಡಿ ಹೋಯಿತು. ಇದನ್ನೆಲ್ಲ ಹೇಳಿದರೆ ವಿಶ್ವೇಶ್ವರಯ್ಯನವರು ಒಂದಿಷ್ಟೂ ಚಿಕ್ಕವರಾಗುವುದಿಲ್ಲ.

ಅವರು ಹುದ್ದೆ ಬಿಟ್ಟ ಹಿನ್ನೆಲೆಯನ್ನೂ ಮುಚ್ಚಿಡಬೇಕಿಲ್ಲ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗಬೇಕೆಂದು ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ಆ ನೀತಿ ದಿವಾನರಿಗೆ ಒಪ್ಪಿಗೆಯಿರಲಿಲ್ಲ. ಮೀಸಲಾತಿಯಿಂದ ಮೊದಲ ಬಾರಿ ನೌಕರಿ ಕಂಡ ಮನೆಯವರೂ ನಮ್ಮ ಲೇಖನ ಓದುತ್ತಾರೆ, ನಾಲೆಯ ನೀರಿನಲ್ಲಿ ಭತ್ತ ಬೆಳೆದ ಮಂಡ್ಯದ ರೈತರೂ ಓದುತ್ತಾರೆ. ಇಬ್ಬರೂ ಹೌದೆನ್ನುವಂತೆ ಬರೆಯುವುದು ಕಷ್ಟ. ಆ ಕಷ್ಟ ಪಡು ಎಂದೇ ನಿನಗೆ ಹೇಳುತ್ತಿದ್ದೇನೆ.

ಎಲ್ಲವನ್ನೂ ಬರೆಯಬೇಕೆಂದಲ್ಲ. ಮೇಷ್ಟ್ರ ಮನೆಯ ಆಸ್ತಿ ಜಗಳ ಯಾರಿಗೂ ಬೇಡ, ಬಿಟ್ಟುಬಿಡು. ಆದರೆ ಶಾಲೆಯ ಕಟ್ಟಡ ಅವರಿಂದಲೇ ಆಯಿತು ಎಂದಿದ್ದೀಯಲ್ಲ, ಜಾಗ ಕೊಟ್ಟವರು ಯಾರು? ಅವರ ಹೆಸರು ಬಿಡುವ ಹಕ್ಕು ನಿನಗಿಲ್ಲ.

ಸಮಿತಿಯವರು ಊರಿನ ಉಳಿದ ಗಣ್ಯರ ಮೇಲೂ ಒಂದೊಂದು ಪುಟ ಬರೆದುಕೊಡು ಅಂದರಂತೆ. ನಿನಗೆ ಗೊತ್ತಿಲ್ಲದವರ ಬಗ್ಗೆ ಆಗುವುದಿಲ್ಲ ಎಂದು ಈಗಲೇ ಹೇಳಿಬಿಡು. ಸರ್ಕಾರವೂ ರಾಜ್ಯೋತ್ಸವ ಪ್ರಶಸ್ತಿಗೆ ಒಂದು ಲೆಕ್ಕ ಇಟ್ಟುಕೊಂಡಿದೆ, ಎಷ್ಟನೇ ರಾಜ್ಯೋತ್ಸವವೋ ಅಷ್ಟು ಜನ: 2023ರಲ್ಲಿ 68, 2024ರಲ್ಲಿ 69. ಅದೇ ಸಣ್ಣ ಸಂಖ್ಯೆಯೇನಲ್ಲ. ನಿನ್ನ ಲೆಕ್ಕ ಅದಕ್ಕಿಂತ ಬಹಳ ಬಿಗಿಯಾಗಿರಲಿ. ಕೇಳಿದವರಿಗೆಲ್ಲ ಹೊಗಳಿಕೆ ಬರೆದುಕೊಟ್ಟವಳು ಮೇಷ್ಟ್ರ ಬಗ್ಗೆ ನಿಜ ಬರೆದರೂ ಊರು ನಂಬುವುದಿಲ್ಲ, ಆಗ ನಷ್ಟ ಮೇಷ್ಟ್ರದ್ದು.

ಸಮಿತಿಯವರನ್ನು ಇನ್ನೊಂದು ಹದಿನೈದು ದಿನ ಕಾಯಲು ಹೇಳು. ಜಾಗ ಕೊಟ್ಟವರ ಹೆಸರು ಪಂಚಾಯಿತಿಯಲ್ಲಿ ಸಿಗದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾನಪತ್ರ ಇದೆಯೇ ವಿಚಾರಿಸು. ಆ ಮನೆಯ ಮಕ್ಕಳು ಊರಲ್ಲೇ ಇದ್ದರೆ ಅವರನ್ನೂ ಕಂಡು ಬಾ.

ಇಂತಿ,
ನಿನ್ನ ಅಕ್ಕ