ಗಣಿತ ಸಮ್ಮೇಳನದಲ್ಲಿ ಪಾಠಕ್ಕೂ ಒಂದು ಗೋಷ್ಠಿ ಇರಲಿ

ಮಾನ್ಯರೇ,

ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನದ ಆಸುಪಾಸಿನಲ್ಲಿ ನಮ್ಮ ಕರಾವಳಿಯ ಕಾಲೇಜುಗಳಲ್ಲೂ ಗಣಿತದ ವಿಚಾರ ಸಂಕಿರಣಗಳು ನಡೆಯುತ್ತವೆ. ಗ್ರಾಫ್ ಸಿದ್ಧಾಂತ, ಸಂಖ್ಯಾ ಸಿದ್ಧಾಂತ, ದ್ರವ ಚಲನಶಾಸ್ತ್ರ ಎಲ್ಲಕ್ಕೂ ಅಲ್ಲಿ ಜಾಗವಿದೆ. ಆದರೆ ಬಂದವರಲ್ಲಿ ಹೆಚ್ಚಿನವರು ಮರುದಿನ ತರಗತಿಯಲ್ಲಿ ಮಾಡಬೇಕಾದ ಪಾಠದ ಕುರಿತು ಒಂದು ಗೋಷ್ಠಿ ಇರುವುದೂ ಅಪರೂಪ. ಗಡಿಬಿಡಿಯಲ್ಲಿ ಸ್ಲೈಡ್ ಓಡಿಸಿ ಪ್ರಮಾಣಪತ್ರ ಪಡೆದರೆ ಸಾಕು, ಬಡ್ತಿಯ ಲೆಕ್ಕಕ್ಕೆ ಅಂಕ ಜಮೆಯಾಗುತ್ತದೆ.

ಹಾಗೆಂದು ಸಮ್ಮೇಳನಗಳಿಂದ ಪದವಿ ಕಾಲೇಜಿನ ನನ್ನಂಥ ಉಪನ್ಯಾಸಕಿಗೆ ಏನೂ ಸಿಕ್ಕಿಲ್ಲವೆಂದಲ್ಲ. ಸಿಕ್ಕಿದ್ದು ಸಭಾಂಗಣದ ಹೊರಗೆ, ಚಹಾದ ಹೊತ್ತಿನಲ್ಲಿ. ಒಮ್ಮೆ ಹಿರಿಯ ಪ್ರಾಧ್ಯಾಪಕರೊಬ್ಬರು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಎಕ್ಸ್, ಎಕ್ಸ್ ವರ್ಗ, ಎಕ್ಸ್ ಘನ ಎಂದು 0ಯಿಂದ 1ರವರೆಗಿನ ವಕ್ರರೇಖೆಗಳನ್ನು ಒಂದರ ಕೆಳಗೊಂದು ಎಳೆದು, ಏಕರೂಪ ಅಭಿಸರಣೆಯ (ರೇಖೆಗಳ ಸಾಲೊಂದು ಎಲ್ಲ ಬಿಂದುಗಳಲ್ಲೂ ಒಟ್ಟೊಟ್ಟಿಗೇ ತನ್ನ ಗುರಿರೇಖೆಗೆ ಹತ್ತಿರವಾಗುವುದರ) ವ್ಯಾಖ್ಯೆಗೆ ಮೊದಲು ಈ ಚಿತ್ರವನ್ನು ಮಕ್ಕಳ ಕೈಯಲ್ಲೇ ಬರೆಸಿ ನೋಡಿ ಎಂದರು. ಬರೆಸಿದೆ. ಘಾತ ಹೆಚ್ಚಿದಂತೆಲ್ಲ ರೇಖೆಯು ಅಕ್ಷಕ್ಕೆ ಅಂಟಿಕೊಂಡು ಸಾಗಿ ಕೊನೆಯಲ್ಲಿ ದಿಢೀರನೆ 1ಕ್ಕೆ ಏರುವುದನ್ನು ಕಂಡ ವಿದ್ಯಾರ್ಥಿನಿಯೊಬ್ಬಳು, ‘ಘಾತ ಎಷ್ಟೇ ದೊಡ್ಡದಾದರೂ ಎಲ್ಲೋ ಒಂದು ಕಡೆ ಎತ್ತರ ಅರ್ಧ ಇದ್ದೇ ಇರುತ್ತದಲ್ಲ ಮೇಡಂ?’ ಎಂದು ಕೇಳಿದಳು. ಎಪ್ಸಿಲಾನ್ ಅನ್ನು, ಅಂದರೆ ಒಪ್ಪಬಹುದಾದ ಅಂತರವನ್ನು, ಅರ್ಧವೆಂದು ಹಿಡಿದು, ಇಲ್ಲಿ ಅಭಿಸರಣೆ ಏಕರೂಪವಲ್ಲ ಎಂದು ಸಾಧಿಸುವ ತರ್ಕದ ತಿರುಳೇ ಅದು. ಹಿಂದಿನ ಬ್ಯಾಚುಗಳು ಬಾಯಿಪಾಠ ಮಾಡಿ ಬರೆದಿದ್ದೂ ಅದನ್ನೇ.

ಇಂಥ ಮಾತುಕತೆಯನ್ನು ಚಹಾದ ವಿರಾಮಕ್ಕೆ ಬಿಡದೆ ವ್ಯವಸ್ಥೆಯೊಳಗೆ ತಂದವರಿದ್ದಾರೆ. ಅಮೆರಿಕದ ಮ್ಯಾಥಮೆಟಿಕಲ್ ಅಸೋಸಿಯೇಷನ್ ಹೊಸದಾಗಿ ಪಿಎಚ್‌.ಡಿ. ಮುಗಿಸಿ ವೃತ್ತಿಗೆ ಬಂದ ಗಣಿತ ಅಧ್ಯಾಪಕರಿಗಾಗಿ 1994ರಿಂದ ‘ಪ್ರಾಜೆಕ್ಟ್ ನೆಕ್ಸ್ಟ್’ ಎಂಬ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮ ನಡೆಸುತ್ತಿದ್ದು, ಅದರಲ್ಲಿ ಸಂಶೋಧನೆಯ ಜೊತೆಗೆ ಬೋಧನೆಯ ಚರ್ಚೆಗೂ ಜಾಗವಿದೆ. ನಮ್ಮಲ್ಲೇ ಗಣಿತಜ್ಞ ಪ್ರೊ. ಎಸ್. ಕುಮರೇಶನ್ ಅವರು 1993ರಲ್ಲಿ ಆರಂಭಿಸಿದ ಎಂಟಿಟಿಎಸ್ (ಮ್ಯಾಥಮೆಟಿಕ್ಸ್ ಟ್ರೈನಿಂಗ್ ಆ್ಯಂಡ್ ಟ್ಯಾಲೆಂಟ್ ಸರ್ಚ್) ಬೇಸಿಗೆ ಶಿಬಿರ, ಉಪನ್ಯಾಸಕ್ಕಿಂತ ಪ್ರಶ್ನೆಗಳ ಮೂಲಕ ವಿದ್ಯಾರ್ಥಿಗಳಿಂದಲೇ ಉತ್ತರ ಹೊರಡಿಸುವ ಕ್ರಮಕ್ಕೆ ಹೆಸರಾಗಿದೆ.

ಮಂಗಳೂರು ವಿಶ್ವವಿದ್ಯಾನಿಲಯವೂ ಅದರ ಸಂಯೋಜಿತ ಕಾಲೇಜುಗಳೂ ತಮ್ಮ ಸಮ್ಮೇಳನಗಳಲ್ಲಿ ಅರ್ಧ ದಿನವನ್ನು ಬೋಧನೆಗೆ ಮೀಸಲಿಡಬೇಕೆಂದು ವಿನಂತಿಸುತ್ತೇನೆ. ಆ ಗೋಷ್ಠಿಗೆ ಬೋಧನೆಯ ಮಹತ್ವದ ಕುರಿತ ಭಾಷಣ ಬೇಡ. ಮಂಡಿಸುವವರು ಒಂದೇ ಒಂದು ಪಾಠವನ್ನೂ, ಅದರಲ್ಲಿ ವಿದ್ಯಾರ್ಥಿಗಳು ಎಡವಿದ ಉತ್ತರಪತ್ರಿಕೆಗಳನ್ನೂ, ಹೆಸರು ಮರೆಮಾಡಿ, ತಂದರೆ ಸಾಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಪಾಠ ಮಾಡುವ ಬೈಂದೂರು, ಬೆಳ್ತಂಗಡಿ ಕಡೆಯ ಉಪನ್ಯಾಸಕರನ್ನು ಮೊದಲು ಕರೆಯಲಿ. ಬಡ್ತಿಯ ಅಂಕದ ನಿಯಮ ಯುಜಿಸಿಯದ್ದು, ನಿಜ. ಗೋಷ್ಠಿಗಳನ್ನು ನಿರ್ಧರಿಸುವುದು ಮಾತ್ರ ಸಂಘಟಕರ ಕೈಯಲ್ಲೇ ಇದೆ.

— ಗಣಿತ ಉಪನ್ಯಾಸಕಿ, ಉಡುಪಿ