ಕಬ್ಬಿನ ಟ್ರ್ಯಾಕ್ಟರ್ ಇರುವವರ ಗಮನಕ್ಕೆ: ಇಂಜಿನ್ ಆಯಿಲ್
ಎಲ್ಲರಿಗೂ ನಮಸ್ಕಾರ. ಸೀಸನ್‌ನಲ್ಲಿ ಆಯಿಲ್ ಬದಲಿಸಲು ತಿಂಗಳು ಎಣಿಸಬೇಡಿ, ಅವರ್ ಮೀಟರ್ (ಇಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರ್) ನೋಡಿ. ಸುಮಾರು ಗಾಡಿಗಳಿಗೆ 250 ಗಂಟೆ ಲೆಕ್ಕ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ದಿನಕ್ಕೆ 12 ಗಂಟೆ ಟ್ರೇಲರ್ ಎಳೆದರೆ ಮೂರೇ ವಾರಕ್ಕೆ 250 ಮುಗಿಯಿತು, ಅಲ್ವಾ? ಧೂಳು, ಲೋಡು ಜಾಸ್ತಿ ಇದ್ದರೆ ನಾನಂತೂ 200ಕ್ಕೇ ಬದಲಿಸುತ್ತೇನೆ. ಫಿಲ್ಟರ್ ಕೂಡ ಹೊಸದೇ ಹಾಕಿಸಿ. ಕಾರ್ಖಾನೆ ಗೇಟಿನ ಸಾಲಿನಲ್ಲಿ ಸುಮ್ನೆ ಇಂಜಿನ್ ಓಡಿಸಬೇಡಿ.

ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಬೇಗ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಡಿಪ್‌ಸ್ಟಿಕ್ (ಆಯಿಲ್ ಎಷ್ಟಿದೆ ಎಂದು ನೋಡುವ ಕಡ್ಡಿ) ಎಳೆದಾಗ ಆಯಿಲ್ ಮೇಲಿನ ಗೆರೆ ದಾಟಿದ್ದು, ಬೆರಳಿಗೆ ನೀರಿನಂತೆ ತೆಳ್ಳಗೆ ಹತ್ತಿ ಡೀಸೆಲ್ ವಾಸನೆ ಹೊಡೆದರೆ ಗಾಡಿ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿ.